ಸ್ಕೂಬಾ ಓಪನ್ ವಾಟರ್ ಕೋರ್ಸ್: ಎರಡು ದಿನವೋ, ಐದು ದಿನವೋ?

ಶಾಲ್ಮಲೆ (ಶಿರಸಿ)

ಡಿಸೆಂಬರ್ ರಜೆಯಲ್ಲಿ ಮುರುಡೇಶ್ವರದಲ್ಲಿ ಉಳಿದು ಸ್ಕೂಬಾ ಓಪನ್ ವಾಟರ್ ಕೋರ್ಸ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವುದನ್ನು ಕಲಿಸುವುದು) ಮಾಡಬೇಕೆಂದಿದ್ದೇವೆ. ನಾನು ಮತ್ತು 13 ವರ್ಷದ ಮಗಳು. ವಿಚಾರಿಸಿದಾಗ ಒಬ್ಬರು ಎರಡು ದಿನ ಸಾಕು ಅಂದರು, ಇನ್ನೊಬ್ಬರು ನಾಲ್ಕು, ಮತ್ತೊಬ್ಬರು ಐದು. ಕೊನೆಗೆ ಸಿಗುವ ಕಾರ್ಡ್ ಒಂದೇ ಆದಮೇಲೆ ದಿನಗಳಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಇದಕ್ಕಿಂತ ಕಡಿಮೆ ಆದರೆ ಕಲಿತಂತಲ್ಲ ಎನ್ನುವ ಗಡಿ ಯಾವುದು? ಮನೆಯಲ್ಲೇ ಮುಗಿಸಿಕೊಂಡು ಬರಬಹುದಾದ ಭಾಗ ಇದೆಯೇ?

ಇಬ್ಬರಿಗೂ ಹೊಳೆಯಲ್ಲಿ ಈಜಿ ಅಭ್ಯಾಸ ಇದೆ, ಆದರೆ ಶಾಸ್ತ್ರೋಕ್ತವಾಗಿ ಕಲಿತಿಲ್ಲ. ನನಗೆ ಮೈನಸ್ ಎರಡೂವರೆ ಕನ್ನಡಕ. ಕೊನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಕಾರಿನಲ್ಲೇ ಶಿರಸಿಗೆ ವಾಪಸಾಗುವ ಲೆಕ್ಕ.

ಹತ್ತು ಮಾರು

ದಿನಗಳನ್ನು ಬಿಟ್ಟು ಮೊದಲು ಕೆಲಸದ ಲೆಕ್ಕ ಹಾಕಿ. ಪ್ಯಾಡಿ (ಡೈವಿಂಗ್ ಕಲಿತವರಿಗೆ ಕಾರ್ಡ್ ಕೊಡುವ ಸಂಸ್ಥೆ) ಓಪನ್ ವಾಟರ್ ಕೋರ್ಸಿನಲ್ಲಿ ಐದು ಪಾಠಗಳು, ಕೊನೆಗೆ 50 ಪ್ರಶ್ನೆಗಳ ಪರೀಕ್ಷೆ, ಈಜುಕೊಳ ಅಥವಾ ಅಂಥದೇ ಶಾಂತ ನೀರಿನಲ್ಲಿ ಐದು ಅಭ್ಯಾಸದ ಡೈವ್, ಆಮೇಲೆ ಕಡಲಿನಲ್ಲಿ ನಾಲ್ಕು ಡೈವ್. ಕಡಲಿನ ಈ ನಾಲ್ಕನ್ನು ಒಂದೇ ದಿನ ಮುಗಿಸುವಂತಿಲ್ಲ, ಕನಿಷ್ಠ ಎರಡು ದಿನಕ್ಕೆ ಹಂಚಲೇಬೇಕು. ಮೊದಲ ಎರಡರಲ್ಲಿ 12 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ, ಕೊನೆಯ ಎರಡರಲ್ಲಿ 18 ಮೀಟರ್ ಮಿತಿ. ಎಸ್‌ಎಸ್‌ಐ ಮುಂತಾದ ಬೇರೆ ಸಂಸ್ಥೆಗಳ ಕೋರ್ಸ್‌ಗಳೂ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿವೆ.

ಇದನ್ನು ನಮ್ಮ ಕರಾವಳಿಗೆ ಹೊಂದಿಸಿ ನೋಡಿ. ಮುರುಡೇಶ್ವರದಿಂದ ಡೈವ್ ಮಾಡಿಸುವ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಬೋಟು, ತೆರೆ ಎರಡನ್ನೂ ನೋಡಿಕೊಂಡು ಒಂದರಿಂದ ಒಂದೂವರೆ ಗಂಟೆ ಹೋಗಲಿಕ್ಕೆ, ಅಷ್ಟೇ ಬರಲಿಕ್ಕೆ. ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ ಬೆಳಿಗ್ಗೆಯೇ ಹೊರಡಬೇಕು. ನಡುವೆ ಒಂದು ತಾಸು ಬಿಡುವು ಕೊಟ್ಟು ಎರಡು ಡೈವ್ ಮುಗಿಸಿ ದಡ ಮುಟ್ಟುವಾಗ ಮಧ್ಯಾಹ್ನ ಒಂದೋ ಎರಡೋ ಆಗಿರುತ್ತದೆ. ಅಲ್ಲಿಗೆ ಆ ದಿನ ಮುಗಿಯಿತು. ನಾಲ್ಕು ಡೈವಿಗೆ ಕಡಲಿಗೇ ಪೂರ್ತಿ ಎರಡು ದಿನ ಬೇಕು. ಹಾಗಾದರೆ "ಎರಡೇ ದಿನ" ಅಂದವರು ಕೊಳದ ಐದು ಅಭ್ಯಾಸಗಳನ್ನು ಯಾವ ಹೊತ್ತಿನಲ್ಲಿ ಮಾಡಿಸುತ್ತಾರೆ? ಅದನ್ನೇ ಅವರನ್ನು ಕೇಳಿ. ಒಂದೋ ಅವರು ಹೇಳುತ್ತಿರುವುದು ಬೇರೆ ಕೋರ್ಸ್, ಇಲ್ಲವೇ ಏನನ್ನೋ ಹಾರಿಸುತ್ತಿದ್ದಾರೆ.

ಬೇರೆ ಕೋರ್ಸ್ ಇರುವ ಸಾಧ್ಯತೆಯೂ ನಿಜವೇ. ಸ್ಕೂಬಾ ಡೈವರ್ ಎಂಬ ಅರ್ಧ ಕೋರ್ಸ್ ಒಂದಿದೆ: ಮೂರು ಪಾಠ, ಮೂರು ಕೊಳದ ಅಭ್ಯಾಸ, ಎರಡು ಕಡಲ ಡೈವ್. ಅದರ ಕಾರ್ಡ್ ಇದ್ದವರು 12 ಮೀಟರ್ ತನಕ, ಅದೂ ವೃತ್ತಿಪರ ಡೈವರ್ ಜೊತೆಗೇ ಹೋಗಬೇಕು. ಅರ್ಧ ದಿನದ ಪ್ರವಾಸಿ ಪ್ಯಾಕೇಜ್ ಇನ್ನೂ ಬೇರೆ. ಅದರಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ, ಕಾರ್ಡ್ ಸಿಗುವುದಿಲ್ಲ. ಫೋನಿನಲ್ಲಿ ಕೇಳುವಾಗ "ಓಪನ್ ವಾಟರ್ ಡೈವರ್, 18 ಮೀಟರ್" ಎಂದು ಬಿಡಿಸಿ ಕೇಳಿ.

ನನ್ನ ಪ್ರಕಾರ ಪಾಠಗಳನ್ನು ಮನೆಯಲ್ಲಿ ಓದಿಕೊಂಡು ಬಂದರೆ ನಾಲ್ಕು ದಿನ: ಎರಡು ಕೊಳಕ್ಕೆ, ಎರಡು ಕಡಲಿಗೆ. ಓದದೆ ಬಂದರೆ ಐದು. ಆನ್‌ಲೈನ್ ಪಾಠ, ವೀಡಿಯೊ, ಕಿರುಪರೀಕ್ಷೆ ಎಲ್ಲ ಸೇರಿ 10–12 ತಾಸಿನ ಕೆಲಸ. ಮಗಳಿಗೆ ಇಂಗ್ಲಿಷ್ ಓದು ನಿಧಾನವಾದರೆ ಇನ್ನೂ ನಾಲ್ಕು ತಾಸು ಸೇರಿಸಿ. ನವೆಂಬರಿನಲ್ಲೇ ಶುರುಮಾಡಿ, ದಿನಕ್ಕೊಂದು ತಾಸು ಸಾಕು.

ತಡಿಬಾಗಿಲು

ಮೂರು ದಿನದಲ್ಲೂ ನ್ಯಾಯವಾಗಿಯೇ ಆಗುತ್ತದೆ. ಪಾಠ, ಪರೀಕ್ಷೆ ಮೊದಲೇ ಮುಗಿದಿರಬೇಕು. ಒಬ್ಬ ಇನ್‌ಸ್ಟ್ರಕ್ಟರಿಗೆ ಇಬ್ಬರೇ ಕಲಿಯುವವರಿರಬೇಕು. ಇಬ್ಬರಿಗೂ ನೀರಿನ ಭಯ ಇರಬಾರದು. ಮೊದಲ ದಿನ ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು ಕೊಳ. ಮುಂದಿನ ಎರಡು ದಿನ ನೇತ್ರಾಣಿ. ಎಲ್ಲರಿಗೂ ಐದು ದಿನ ಅಂದರೆ ರಜೆ ಸಿಗದವರು ಕಲಿಯುವುದೇ ಇಲ್ಲ.

ಕಾಳಿ ಅಳಿವೆ (ಕಾರವಾರ)

ತಡಿಬಾಗಿಲು ಹೇಳಿದ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಮೂರು ದಿನ ಸಾಲುವುದಿಲ್ಲ. ಹೊತ್ತು ಎಲ್ಲಿ ಹೋಗುತ್ತದೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕತ್ತರಿ ಬೀಳುವುದೂ ಅಲ್ಲೇ.

ಕೊಳದಲ್ಲಿ ಕಲಿಯುವುದು ಇವು: ಬಾಯಿಂದ ಜಾರಿದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಮತ್ತೆ ಬಾಯಿಗಿಟ್ಟು ಒಳಗಿನ ನೀರು ಊದಿ ತೆಗೆಯುವುದು, ಕಣ್ಣು, ಮೂಗು ಮುಚ್ಚುವ ಮಾಸ್ಕಿಗೆ ಅರ್ಧ ನೀರು ಬಿಟ್ಟು ಮೂಗಿನಿಂದ ಊದಿ ಖಾಲಿ ಮಾಡುವುದು, ಆಮೇಲೆ ಪೂರ್ತಿ ತುಂಬಿ ಖಾಲಿ ಮಾಡುವುದು, ಮಾಸ್ಕನ್ನೇ ತೆಗೆದು ಒಂದು ನಿಮಿಷ ಉಸಿರಾಡಿ ಮತ್ತೆ ಹಾಕಿಕೊಳ್ಳುವುದು, ಗಾಳಿ ಮುಗಿದವರಿಗೆ ನಮ್ಮ ಎರಡನೇ ರೆಗ್ಯುಲೇಟರ್ ಕೊಡುವುದು, ನಿಲ್ಲದೆ ಗಾಳಿ ಉಗುಳುವ ರೆಗ್ಯುಲೇಟರಿನಿಂದ 30 ಸೆಕೆಂಡ್ ಉಸಿರಾಡುವುದು, ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಬಿಚ್ಚಿ ಕಟ್ಟುವುದು, ನೀರಿನೊಳಗೇ ಜಾಕೆಟ್ (ಗಾಳಿ ತುಂಬಿ, ಬಿಟ್ಟು ಏರಿಳಿಯಲು ತೊಡುವಂಥದು) ಕಳಚಿ ತೊಡುವುದು, ದಣಿದವರನ್ನು 25 ಮೀಟರ್ ಎಳೆದು ತರುವುದು. ಇವುಗಳಲ್ಲಿ ಹೆಚ್ಚಿನವರು ಎಡವುವುದು ಮಾಸ್ಕ್ ತೆಗೆಯುವಲ್ಲಿ. ಮೂಗಿಗೆ ನೀರು ತಾಗಿದ ಕೂಡಲೇ ಗಂಟಲು ಬಿಗಿದುಕೊಳ್ಳುತ್ತದೆ, ಕೈಕಾಲು ಮೇಲಕ್ಕೆ ಚಿಮ್ಮುತ್ತವೆ. ಒಂದೂವರೆ ಮೀಟರ್ ಕೊಳದಲ್ಲಿ ಎದ್ದು ನಿಂತರೆ ಮುಗಿಯಿತು. 12 ಮೀಟರ್ ಆಳದಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೆ ಪೆಟ್ಟು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು, ಅಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಮಾಸ್ಕ್ ತೆಗೆಯುವುದನ್ನು ಒಂದು ಸಲ ಮಾಡಿ "ಆಯಿತು" ಅನ್ನಬಾರದು. ಮೈ ಬೆಚ್ಚದೆ, ಅವಸರ ಮಾಡದೆ ಮೂರು ಸಲ ಬರುವ ತನಕ ಕೊಳ ಬಿಡಬಾರದು. ಇದಕ್ಕೆ ನಡುವೆ ಒಂದು ರಾತ್ರಿಯ ನಿದ್ದೆ ಬಹಳ ಸಹಾಯ ಮಾಡುತ್ತದೆ. ಸಂಜೆ ಆಗದ ಅಭ್ಯಾಸ ಮರುದಿನ ಬೆಳಿಗ್ಗೆ ಸಲೀಸಾಗಿ ಆಗುವುದುಂಟು. ನಾನು ಕೊಳಕ್ಕೆ ಎರಡು ದಿನ ಬೇಕೆನ್ನುವುದು ಇದಕ್ಕೇ.

ಎರಡನೆಯದು ಬೋಯನ್ಸಿ, ಅಂದರೆ ಏಳದೆ ಮುಳುಗದೆ ನೀರಿನ ನಡುವೆ ನಿಲ್ಲುವ ಹದ. ಕೈ ಬಡಿಯದೆ 30 ಸೆಕೆಂಡ್ ನಿಂತರೆ ಪರೀಕ್ಷೆಗೆ ಸಾಕು. ಆದರೆ ಅದು ಕೈಗೆ ಹತ್ತುವುದು ನೀರಿನಲ್ಲಿ ಕಳೆದ ನಿಮಿಷಗಳಿಂದ, ಹೇಳಿಕೊಟ್ಟದ್ದರಿಂದಲ್ಲ. ಜಾಕೆಟ್ಟಿಗೆ ಗಾಳಿ ಬಿಟ್ಟ ಪರಿಣಾಮ ಕಾಣಲು ಎರಡು ಮೂರು ಸೆಕೆಂಡ್ ಬೇಕು. ಹೊಸಬರು ಅಷ್ಟು ಕಾಯದೆ ಮತ್ತೆ ಗುಂಡಿ ಒತ್ತುತ್ತಾರೆ, ಆಗ ಬೆಂಡಿನಂತೆ ಮೇಲೆ ಹೋಗುತ್ತಾರೆ. ನೇತ್ರಾಣಿಯ ಹವಳದ ಮೇಲೆ ಮಂಡಿಯೂರಿ ಕೂರುವವರು, ಕಾಲು ಊರಿ ನಿಲ್ಲುವವರು ಎಲ್ಲ ಈ ಭಾಗ ಅವಸರದಲ್ಲಿ ಮುಗಿದವರೇ. ಹವಳ ವರ್ಷಕ್ಕೆ ಬೆಳೆಯುವುದು ಮಿಲಿಮೀಟರ್, ಸೆಂಟಿಮೀಟರ್ ಲೆಕ್ಕದಲ್ಲಿ. ಕಾಲಿಗೆ ತೊಡುವ ಒಂದು ಫಿನ್ನಿನ ಹೊಡೆತಕ್ಕೆ ಅದು ಮುರಿಯುತ್ತದೆ. ಕಲಿಸುವವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬಾರದು.

ಮೂರನೆಯದು ಗುಂಪು. ಕಡಲಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ಎಂಟು ಜನರ ತನಕ ನಿಯಮ ಒಪ್ಪುತ್ತದೆ. ಆದರೆ ಲೆಕ್ಕ ಹಾಕಿ: ಮಾಸ್ಕ್ ತೆಗೆದು ಹಾಕಲು ತಲೆಗೆ ಮೂರು ನಿಮಿಷ ಅಂದರೂ ಎಂಟು ಜನಕ್ಕೆ 24 ನಿಮಿಷ. ಉಳಿದ ಏಳು ಜನ ಕಾಯುತ್ತಾ ಕೂರಬೇಕು. ನೀರು ಮೈಶಾಖವನ್ನು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ, ನಮ್ಮ 28 ಡಿಗ್ರಿ ನೀರಿನಲ್ಲೂ ಸುಮ್ಮನೆ ಕೂತರೆ ಒಂದು ತಾಸಿನಲ್ಲಿ ನಡುಕ ಬರುತ್ತದೆ. ನಡುಗುವವರು ಕಲಿಯುವುದಿಲ್ಲ, ಗಾಳಿಯನ್ನೂ ಬೇಗ ಮುಗಿಸುತ್ತಾರೆ. ಇನ್ನು 6ರಿಂದ 9 ಮೀಟರ್ ಆಳದಿಂದ ಒಂದೇ ಉಸಿರನ್ನು ಬಿಡುತ್ತಾ ಮೇಲೇರುವ ಅಭ್ಯಾಸವನ್ನು ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಮಾಡಿಸಬೇಕು. ಮೂರು–ನಾಲ್ಕು ಜನರ ಗುಂಪಾದರೆ ನಾಲ್ಕು ದಿನ ಸರಿ. ಎಂಟು ಜನರ ಗುಂಪು ನಾಲ್ಕೇ ದಿನ ಅಂದರೆ ಒಬ್ಬೊಬ್ಬರಿಗೆ ಸಿಗುವುದು ತೀರಾ ಕಡಿಮೆ.

ಕೊಳದ ಆಳವನ್ನೂ ಕೇಳಿ. ನಿಂತರೆ ತಲೆ ಮುಳುಗುವಷ್ಟು ಇಲ್ಲದ ಹೋಟೆಲ್ ಕೊಳದಲ್ಲಿ ಇಳಿಯುವುದು, ಕಿವಿ ಬಿಡಿಸಿಕೊಳ್ಳುವುದು, ನಡುನೀರಿನಲ್ಲಿ ನಿಲ್ಲುವುದು ಯಾವುದೂ ಬರುವುದಿಲ್ಲ. "ದಡದ ಹತ್ತಿರ ಕಡಲಿನಲ್ಲೇ ಮಾಡಿಸುತ್ತೇವೆ" ಎನ್ನುವವರಿದ್ದರೆ ಕೈ ಚಾಚಿದರೆ ಬೆರಳು ಕಾಣುತ್ತದೆಯೇ ಎಂದು ಮೊದಲು ನೋಡಿ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ ತರುವ ಮಣ್ಣಿನಿಂದ ಅಳಿವೆಯ ಹತ್ತಿರದ ನೀರು ಕದಡಿರುತ್ತದೆ. ಮಾಸ್ಕ್ ತೆಗೆಯುವುದನ್ನು ಕಲಿಯುವ ಜಾಗ ಅದಲ್ಲ.

ಕಿವಿ ಮೂಗು ಗಂಟಲು (ಕುಮಟಾ)

ವೈದ್ಯಳಾಗಿ ಮೂರು ಮಾತು. ಮೂರೂ ನಿಮ್ಮ ದಿನಗಳ ಲೆಕ್ಕಕ್ಕೆ ಸೇರುವಂಥವು.

ಕೋರ್ಸಿಗೆ ಮೊದಲು ಆರೋಗ್ಯದ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ. ಅದನ್ನು ಮುಂಗಡ ಕೊಡುವ ಮೊದಲೇ ತರಿಸಿಕೊಂಡು ಓದಿ. ಉಬ್ಬಸ, ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದು, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಇಂಥವುಗಳಲ್ಲಿ ಒಂದಕ್ಕೆ "ಹೌದು" ಎಂದಾದರೂ ವೈದ್ಯರ ಸಹಿ ಬೇಕಾಗುತ್ತದೆ. ಬೋಟು ಹತ್ತುವ ಬೆಳಿಗ್ಗೆ ಇದು ಗೊತ್ತಾದರೆ ಅವತ್ತಿನ ದಿನ ಹೋಯಿತು. ಸತ್ಯ ಮುಚ್ಚಿಟ್ಟು "ಇಲ್ಲ" ಎಂದು ಬರೆಯುವುದಂತೂ ಬೇಡವೇ ಬೇಡ.

ಕಿವಿ: ಮೊದಲ 10 ಮೀಟರಿನಲ್ಲಿ ಒತ್ತಡ ಎರಡರಷ್ಟಾಗುತ್ತದೆ, ಆದ್ದರಿಂದ ನೋವು ಕಾಣಿಸುವುದೂ ಹೆಚ್ಚಾಗಿ ಮೊದಲ ನಾಲ್ಕೈದು ಮೀಟರಿನಲ್ಲೇ. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೀರಿನ ಮೇಲೆಯೇ ಶುರುಮಾಡಿ ಪ್ರತಿ ಅರ್ಧ–ಮುಕ್ಕಾಲು ಮೀಟರಿಗೆ ಮಾಡಬೇಕು. ನೋವು ಬಂದಮೇಲೆ ಜೋರಾಗಿ ಊದಬೇಡಿ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ತಲೆ ಮೇಲಾಗಿ, ಹಗ್ಗ ಹಿಡಿದು ಇಳಿದರೆ ಸುಲಭ. ಒಂದು ಸಲ ನಡುಗಿವಿ ಬಾತುಕೊಂಡರೆ ಮರುದಿನ ಇಳಿಯಲಾಗುವುದಿಲ್ಲ. ಮೂರು ದಿನದ ಕೋರ್ಸ್‌ಗಳು ಕೆಡುವುದು ಹೆಚ್ಚಾಗಿ ಹೀಗೆಯೇ, ನೀವು ಎಷ್ಟು ಜಾಣರಿದ್ದರೂ. ನೆಗಡಿ ಇದ್ದರೆ ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯಬೇಡಿ. ಕೆಳಗಿರುವಾಗ ಅದರ ಪ್ರಭಾವ ಮುಗಿದರೆ ಮೇಲೇರುವಾಗ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಮಕ್ಕಳಲ್ಲಿ ಕಿವಿಗೂ ಗಂಟಲಿಗೂ ನಡುವಿನ ನಾಳ ಕಿರಿದು, ಮಗಳಿಗೆ ಅವಸರ ಮಾಡಬೇಡಿ.

ಕೊನೆಯದು ಘಾಟಿ. ಇದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೈವ್ ಮಾಡಿದಮೇಲೆ ರಕ್ತ, ಮಾಂಸಖಂಡಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ತಾಸುಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು ಅದು ಗುಳ್ಳೆಯಾಗುವ ಅಪಾಯ ಹೆಚ್ಚು. ವಿಮಾನ ಹತ್ತಲು ಇರುವ ಸಲಹೆ: ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹಲವು ಡೈವ್ ಅಥವಾ ಹಲವು ದಿನವಾದರೆ 18 ತಾಸು. ಸುಮಾರು 600 ಮೀಟರಿಗಿಂತ ಎತ್ತರದ ಜಾಗಗಳಿಗೆ ರಸ್ತೆಯಲ್ಲಿ ಏರುವುದಕ್ಕೂ ಇದೇ ಎಚ್ಚರಿಕೆ. ದೇವಿಮನೆ ಘಾಟಿ ಹತ್ತಿದ ಮೇಲೆ ಸಿಗುವ ಶಿರಸಿ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಇದೆ. ಹುಬ್ಬಳ್ಳಿ ಇನ್ನೂ ತುಸು ಎತ್ತರ, ಬೆಂಗಳೂರು 900 ಮೀಟರಿನ ಆಸುಪಾಸು. ಕೊನೆಯ ಡೈವ್ ಮುಗಿಸಿ ಊಟ ಮಾಡಿ ಘಾಟಿ ಹತ್ತುವ ನಿಮ್ಮ ಯೋಜನೆ ಕೈಬಿಡಿ. ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದರೆ ಮರುದಿನ ಬೆಳಿಗ್ಗೆ 6ಕ್ಕೆ 18 ತಾಸು ತುಂಬುತ್ತದೆ. ಆ ರಾತ್ರಿ ಕಡಲತೀರದಲ್ಲೇ ಉಳಿಯಿರಿ. ಕೀಲು ನೋವು, ಚರ್ಮದ ಮೇಲೆ ಕಲೆ, ಜುಮ್ಮು, ವಿಪರೀತ ಸುಸ್ತು ಕಂಡರೆ ಘಾಟಿ ಹತ್ತಲೇಬೇಡಿ. ಶುದ್ಧ ಆಮ್ಲಜನಕ ಕೊಡಿಸಿ, ಕೋರ್ಸಿನವರಿಗೆ ತಕ್ಷಣ ಹೇಳಿ. ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳುವುದು ಒಳ್ಳೆಯದು.

ಶಾಲ್ಮಲೆ (ಶಿರಸಿ)

ಘಾಟಿಯ ವಿಷಯ ಖಂಡಿತ ಗೊತ್ತಿರಲಿಲ್ಲ, ಉಪಕಾರವಾಯಿತು. ಹಾಗಾದರೆ ನಾಲ್ಕು ದಿನ ಕೋರ್ಸ್, ಐದನೇ ಬೆಳಿಗ್ಗೆ ವಾಪಸ್. ಇನ್ನೆರಡು ಸಂದೇಹ. ಕೊಳದ ಭಾಗವನ್ನು ಬೇರೆ ಊರಿನಲ್ಲಿ ವಾರಾಂತ್ಯದಲ್ಲಿ ಮುಗಿಸಿ, ಕಡಲಿನ ನಾಲ್ಕು ಡೈವ್ ಮಾತ್ರ ಇಲ್ಲಿ ಮಾಡಬಹುದೇ? ನಡುವೆ ಕಡಲು ಕೆಟ್ಟರೆ ಏನು ಗತಿ? ಈಜು, ಕನ್ನಡಕದ ಬಗ್ಗೆಯೂ ಯಾರಾದರೂ ಹೇಳಿ.

ತಡಿಬಾಗಿಲು

ಈಜು: 200 ಮೀಟರ್ ಯಾವುದೇ ಬಗೆಯ ಈಜು, ಇಲ್ಲವೇ ಮಾಸ್ಕ್, ಫಿನ್, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ 300 ಮೀಟರ್. ಆಮೇಲೆ 10 ನಿಮಿಷ ಆಸರೆಯಿಲ್ಲದೆ ತೇಲುವುದು. ವೇಗದ ಲೆಕ್ಕ ಇಲ್ಲ, ಹೊಳೆ ಈಜು ಧಾರಾಳ ಸಾಕು. ಆದರೆ ಹೊಳೆಯಲ್ಲಿ ಹರಿವಿನ ಜೊತೆ ಹೋಗಿ ರೂಢಿಯಾದವರಿಗೆ ನಿಂತ ನೀರಿನಲ್ಲಿ 200 ಮೀಟರ್ ಉದ್ದ ಅನ್ನಿಸುತ್ತದೆ. ಬರುವ ಮೊದಲು ಒಮ್ಮೆ ಅಳೆದು ಈಜಿ ನೋಡಿ.

ಕನ್ನಡಕ: ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಆಗುತ್ತದೆ, ಮಾಸ್ಕ್ ತೆಗೆಯುವ ಅಭ್ಯಾಸದಲ್ಲಿ ಕಣ್ಣು ಮುಚ್ಚಿರಬೇಕು. ಪವರ್ ಇರುವ ಮಾಸ್ಕ್ ಇನ್ನೂ ಅನುಕೂಲ. ನೀರಿನಲ್ಲಿ ವಸ್ತುಗಳು ಕಾಲು ಭಾಗ ಹತ್ತಿರ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಮೈನಸ್ ಎರಡೂವರೆಯವರಿಗೆ ಗಾಳಿ, ಆಳ ತೋರಿಸುವ ಗೇಜಿನ ಅಂಕೆ ಓದಲು ತೊಂದರೆ ಕಡಿಮೆ, ದೂರದ ಜೊತೆಗಾರ ಮಾತ್ರ ಮಸುಕು.

ಹತ್ತು ಮಾರು

ಭಾಗ ಮಾಡಿ ಮಾಡಬಹುದು, ಅದಕ್ಕೆ ರೆಫರಲ್ ಎನ್ನುತ್ತಾರೆ. ಪಾಠ ಮತ್ತು ಕೊಳದ ಅಭ್ಯಾಸ ಒಂದು ಕಡೆ, ಕಡಲ ಡೈವ್ ಇನ್ನೊಂದು ಕಡೆ. ಮೊದಲ ಕಡೆಯವರು ಮುಗಿದದ್ದನ್ನು ಬರೆದುಕೊಡುವ ಪತ್ರ ಪ್ಯಾಡಿಯಲ್ಲಿ 12 ತಿಂಗಳು ನಡೆಯುತ್ತದೆ. ಆದರೆ ನಡುವೆ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಅಂತರ ಬಿಡಬೇಡಿ, ಕೈ ಮರೆಯುತ್ತದೆ. ಅಂತರವಾದರೆ ನೇತ್ರಾಣಿಗೆ ಹೊರಡುವ ಹಿಂದಿನ ದಿನ ಒಂದೆರಡು ತಾಸು ಕೊಳದಲ್ಲಿ ಮತ್ತೊಮ್ಮೆ ಮಾಡಿಸಿ ಎಂದು ಕೇಳಿಕೊಳ್ಳಿ.

ಹೀಗೆ ಬಂದವರಿಗೆ ಕಡಲಿನ ಮೊದಲ ಡೈವಿನಲ್ಲಿ ಆಗುವ ತೊಂದರೆ ತೂಕದ್ದು. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ, ನಮ್ಮನ್ನು ಅಷ್ಟೇ ಹೆಚ್ಚು ಎತ್ತುತ್ತದೆ. 65 ಕಿಲೋ ಮೈ, 20 ಕಿಲೋ ಸಲಕರಣೆ ಸೇರಿ 85 ಕಿಲೋ ಆದರೆ ಕೊಳದಲ್ಲಿ ಕಟ್ಟಿದ್ದಕ್ಕಿಂತ 2 ಕಿಲೋಗಿಂತ ತುಸು ಹೆಚ್ಚು ಬೇಕು. ಜೊತೆಗೆ ಇಲ್ಲಿ ಸಾಮಾನ್ಯವಾಗಿ ಕೊಡುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಿಂದ 150 ಬಾರ್ (ಒತ್ತಡದ ಅಳತೆ) ಗಾಳಿ ಮುಗಿಯುವಷ್ಟರಲ್ಲಿ ಅದೇ 2 ಕಿಲೋ ಹಗುರಾಗಿರುತ್ತದೆ. ಇಳಿಯುವಾಗ ಸರಿಯಿದ್ದವರು ಕೊನೆಗೆ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ನಿಲ್ಲಲಾಗದೆ ತೇಲಿಹೋಗುವುದು ಇದರಿಂದ. ತೂಕ ನೋಡುವ ಬಗೆ: ಜಾಕೆಟ್ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು ಅಲ್ಲಾಡದೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಅದಕ್ಕೆ 2 ಕಿಲೋ ಸೇರಿಸಿ.

ಗಾಳಿಯ ಲೆಕ್ಕವನ್ನೂ ಬರುವ ಮೊದಲೇ ಕಲಿತಿರಿ. ಬಳಸಬಹುದಾದ 150 ಬಾರ್, 11 ಲೀಟರ್, ಅಂದರೆ 1650 ಲೀಟರ್. ಹೊಸಬರು ನಿಮಿಷಕ್ಕೆ 20 ಲೀಟರ್ ಎಳೆದುಕೊಂಡರೆ ಒತ್ತಡ ಎರಡರಷ್ಟಿರುವ 10 ಮೀಟರಿನಲ್ಲಿ ಅದು 40 ಆಗುತ್ತದೆ, ಹಾಗಾದರೆ 41 ನಿಮಿಷ. 18 ಮೀಟರಿನಲ್ಲಿ 29 ನಿಮಿಷ. ಗಾಬರಿಯಾದರೆ ಇದರ ಅರ್ಧಕ್ಕೇ ಮುಗಿಯುತ್ತದೆ.

ಮಗಳಿಗೆ ಸಿಗುವುದು ಜೂನಿಯರ್ ಕಾರ್ಡ್. 12ರಿಂದ 14 ವರ್ಷದವರು ಕಾರ್ಡ್ ಇರುವ ದೊಡ್ಡವರ ಜೊತೆ 18 ಮೀಟರ್ ತನಕ ಹೋಗಬಹುದು. ನಿಯಮದ ಪ್ರಕಾರ ಆ ದೊಡ್ಡವರು ನೀವೇ ಆಗಬಹುದು. ಆದರೂ ಮೊದಲ ಹತ್ತು ಹನ್ನೆರಡು ಡೈವ್ ಇಬ್ಬರೂ ಗೈಡ್ ಜೊತೆಗೇ ಹೋಗಿ. ಅವಳ ಅಳತೆಯ ಜಾಕೆಟ್, ಫಿನ್ ಇದೆಯೇ ಎಂದು ಈಗಲೇ ಕೇಳಿ. ಸಡಿಲ ಜಾಕೆಟ್ ನೀರಿನ ಮೇಲೆ ಕಿವಿಯ ತನಕ ಏರಿ ಕೂರುತ್ತದೆ.

ಕಡಲು ಕೆಟ್ಟರೆ ಕಾಯುವುದೇ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಶಾಂತ, ಆದರೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾದರೆ ಎರಡು ದಿನ ಬೋಟು ಬಿಡುವುದಿಲ್ಲ. ಸಾಧ್ಯವಿದ್ದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆಗದಿದ್ದರೆ ಆಗಿರುವಷ್ಟನ್ನು ಬರೆಸಿಕೊಂಡು ಹೋಗಿ, ಮೇ ಒಳಗೆ ಬಂದು ಉಳಿದದ್ದನ್ನು ಮುಗಿಸಿ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಡೈವಿಂಗ್ ಇಲ್ಲ. ಬರೆಸಿಕೊಂಡ ಹಾಳೆಯಲ್ಲಿ ಮುಗಿದ ಪ್ರತಿ ಅಭ್ಯಾಸದ ಮುಂದೆ ದಿನಾಂಕ, ಇನ್‌ಸ್ಟ್ರಕ್ಟರ್ ಸಹಿ, ಅವರ ಸದಸ್ಯತ್ವ ಸಂಖ್ಯೆ ಮೂರೂ ಇರಬೇಕು. ಒಂದು ಬಿಟ್ಟುಹೋದರೂ ಮುಂದಿನವರು ಆ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಾಗಬಹುದು.